ಚಿನ್ನದ ಕಟ್ಟಳೆ

ಗೃಹಸ್ಥನ ಒಡವೆಯ ಪೆಟ್ಟಿಗೆಯೊಳಕ್ಕೆ ರಾಜ್ಯದ ಕೈ ಎಷ್ಟರಮಟ್ಟಿಗೆ ಹೋಗಬಹುದು? ೧೯೬೨ರ ಚೀನಾ ಯುದ್ಧದ ತರುವಾಯ, ೧೯೬೩ರ ಜನವರಿಯಲ್ಲಿ, ಅರ್ಥಮಂತ್ರಿಗಳಾಗಿದ್ದ ಮೊರಾರ್ಜಿ ದೇಸಾಯಿಯವರು ಸುವರ್ಣ ನಿಯಂತ್ರಣವನ್ನು ಜಾರಿಗೆ ತಂದರು. ಹೊಸದಾಗಿ ಮಾಡುವ ಒಡವೆಯ ಚಿನ್ನವು ೧೪ ಕ್ಯಾರಟ್ಟನ್ನು ಮೀರತಕ್ಕದ್ದಲ್ಲವೆಂದು ವಿಧಿಯಾಯಿತು. ವಿದೇಶೀ ವಿನಿಮಯವನ್ನು ಸವೆಸುತ್ತಿದ್ದ ಕಳ್ಳಸಾಗಣೆಯನ್ನು ತಡೆಯಬೇಕೆಂಬ ಉದ್ದೇಶವೇನೋ ಉಚಿತವಾದುದೇ. ಆದರೆ ತಾಳಿಯ ಬೊಟ್ಟಿಗೆ ಅಪ್ಪಟ ಚಿನ್ನವನ್ನೇ ಬಯಸುವ ಗೃಹಿಣಿಯರಿಗೆ ಅದು ಒಪ್ಪಿಗೆಯಾಗಲಿಲ್ಲ. ೨೨ ಕ್ಯಾರಟ್ಟಿಗೆ ಕೈ ಪಳಗಿದ್ದ ಅಕ್ಕಸಾಲಿಗರು ಅನೇಕರು ಕೆಲಸವಿಲ್ಲದೆ ಕುಳಿತರು, ಕೆಲವರು ಪ್ರಾಣವನ್ನೇ ನೀಗಿದರು. ೧೯೬೬ರಲ್ಲಿ ಆ ಮಿತಿಯನ್ನು ತೆಗೆದುಹಾಕಿದರು. ೧೯೬೮ರಲ್ಲಿ ಬಂದ ಸುವರ್ಣ ನಿಯಂತ್ರಣ ಕಾಯಿದೆಯೂ ೧೯೯೦ರಲ್ಲಿ ರದ್ದಾಯಿತು. ಅಷ್ಟು ವರ್ಷಗಳಲ್ಲಿ ಕಳ್ಳಸಾಗಣೆ ಮಾತ್ರ ನಿಲ್ಲಲಿಲ್ಲ. ಕಷ್ಟಕಾಲದಲ್ಲಿ ಒತ್ತೆಯಿಡಲು ನಮ್ಮ ಹೆಣ್ಣುಮಕ್ಕಳಿಗೆ ಇದ್ದ ಬೊಕ್ಕಸವೆಂದರೆ ಮೈಮೇಲಿನ ಒಡವೆ. ಅದನ್ನು ಬಿಡಿರೆಂದು ಹೇಳುವ ಮುನ್ನ ರಾಜ್ಯವು ಅವರಿಗೆ ಬೇರೊಂದು ಆಸರೆಯನ್ನು ತೋರಿಸಬೇಕಾಗಿತ್ತು.