ಪ್ರಮಾಣ ಎಷ್ಟು?

ಮಳೆ ಹಿಡಿಯುವ ಮುಂಚೆ ನಮ್ಮ ಪಾಳ್ಯದ ಕಡೆ ಯಾವ ತೋಟಕ್ಕೆ ಹೋದರೂ ಕೇಳುವ ಮಾತು: ‘ಪ್ರಮಾಣ ಎಷ್ಟಣ್ಣ?’ ಮೆಣಸಿನ ಬಳ್ಳಿಗೆ ಬೋರ್ಡೋ ದ್ರಾವಣ ಹೊಡೆಯಬೇಕು. 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ. ಎರಡನ್ನೂ ಬೇರೆ ಬೇರೆ ಕರಗಿಸಿ ಬೆರೆಸಿದ ಮೇಲೆ, ಕೆಲಸ ಬಲ್ಲವನು ಮಸೆದ ಕತ್ತಿಯ ತುದಿಯನ್ನು ಡ್ರಮ್ಮಿಗೆ ಅದ್ದಿ ಸ್ವಲ್ಪ ಹೊತ್ತು ಹಿಡಿಯುತ್ತಾನೆ. ಕತ್ತಿಗೆ ಕೆಂಪು ಹತ್ತಿದರೆ ಸುಣ್ಣ ಸಾಲದು, ಇನ್ನಷ್ಟು ಹಾಕಬೇಕು. ಚೀಟಿಯ ಲೆಕ್ಕ ಸರಿಯೇ ಇರಬಹುದು, ತಂದ ಸುಣ್ಣ ಹಳತಾಗಿರಬಹುದಲ್ಲ! ಅದಕ್ಕೇ ಕತ್ತಿ ಅದ್ದದೆ ಅವನು ಪಂಪಿಗೆ ಕೈ ಹಾಕುವುದಿಲ್ಲ.

‘ಮಾ’ ಎಂದರೆ ಅಳೆ. ಆ ಧಾತುವಿನಿಂದ ಬಂದ ಪ್ರಮಾಣ ಎಲ್ಲೆಲ್ಲಿ ತಿರುಗಿದೆ ನೋಡಿ. ಶಿರಾಡಿ ಘಾಟಿ ಇಳಿದು ಧರ್ಮಸ್ಥಳಕ್ಕೆ ಹೋದರೆ ಅದು ಆಣೆ. ತಾಲ್ಲೂಕು ಕಚೇರಿಯಲ್ಲಿ ಜಾತಿ, ಆದಾಯದ ಕಾಗದ. ಮಂತ್ರಿಗಳ ಬಾಯಲ್ಲಿ ವಚನ.

ಶಾಸ್ತ್ರದವರಿಗೆ ಮಾತ್ರ ಅದು ಸರಿಯಾದ ತಿಳಿವಿಗೆ ದಾರಿ. ಆ ದಾರಿಗಳೆಷ್ಟು ಎಂಬುದೇ ದೊಡ್ಡ ವಾದ. ಚಾರ್ವಾಕರಿಗೆ ಪ್ರತ್ಯಕ್ಷ ಒಂದೇ, ಬೌದ್ಧ ತಾರ್ಕಿಕರಿಗೆ ಎರಡು, ರಾಮಾನುಜರ ಮತ್ತು ಮಧ್ವರ ಪಂಥಗಳಿಗೆ ಮೂರು, ನೈಯಾಯಿಕರಿಗೆ ನಾಲ್ಕು, ಅದ್ವೈತಿಗಳಿಗೆ ಆರು. ಮಧ್ವಾಚಾರ್ಯರು ‘ಪ್ರಮಾಣಲಕ್ಷಣ’ ಬರೆದರು, ಜಯತೀರ್ಥರು ‘ಪ್ರಮಾಣಪದ್ಧತಿ’ ಬರೆದರು. ನಾವು ತಿಳಿಯುವುದು ಹೇಗೆ ಎಂದು ಇಷ್ಟು ಶ್ರದ್ಧೆಯಿಂದ ಕೇಳಿಕೊಂಡವರ ಬಗ್ಗೆ ನನಗೆ ಅಪಾರ ಗೌರವವಿದೆ.

ನನ್ನ ಸಂಕಟ ಬೇರೆ. ಹೋದ ವರ್ಷ ನೆಂಟರ ಗೃಹಪ್ರವೇಶದಲ್ಲಿ ವಿಭೂತಿಯವರೊಬ್ಬರು, ನಾಮದವರೊಬ್ಬರು ಊಟದ ಎಲೆಯ ಮುಂದೆಯೇ ಶುರು ಮಾಡಿದರು: ಶಿವಪುರಾಣ ಪ್ರಮಾಣವೋ, ವಿಷ್ಣುಪುರಾಣವೋ? ಸಾರಿನ ಪಾತ್ರೆ ಹಿಡಿದ ಹುಡುಗ ಯಾರ ಮಾತು ಮುಗಿಯಲಿ ಎಂದು ತಿಳಿಯದೆ ನಿಂತೇ ಇದ್ದ. ಒಬ್ಬರ ಶ್ಲೋಕ ಇನ್ನೊಬ್ಬರ ಬಾಯಿ ಮುಚ್ಚಿಸಲಿಕ್ಕೆ ಬಂತೇ ಹೊರತು, ಇಬ್ಬರಿಗೂ ಒಂದು ಹೊಸ ವಿಷಯ ತಿಳಿಯಲಿಲ್ಲ. ತಿಳಿವು ಹುಟ್ಟಿಸದ್ದನ್ನು ಪ್ರಮಾಣ ಎನ್ನುವುದು ಆ ಶಬ್ದಕ್ಕೆ ಮಾಡುವ ಅನ್ಯಾಯ.

ಶ್ರುತಿಯನ್ನು ಶಂಕರರಷ್ಟು ನಂಬಿದವರು ಯಾರಿದ್ದಾರೆ? ಬೆಂಕಿ ತಣ್ಣಗಿದೆ ಎಂದು ನೂರು ಶ್ರುತಿಗಳು ಹೇಳಿದರೂ ಅದು ಪ್ರಮಾಣವಾಗದು ಎಂದು ಅವರೇ ಗೀತಾಭಾಷ್ಯದಲ್ಲಿ ಬರೆದರು. ಬ್ರಹ್ಮಸೂತ್ರಭಾಷ್ಯದ ಮೊದಲಲ್ಲೇ, ಬ್ರಹ್ಮಜ್ಞಾನ ಕೊನೆಗೆ ಮುಟ್ಟುವುದು ಅನುಭವವನ್ನು, ಆದ್ದರಿಂದ ಶ್ರುತಿಯ ಜೊತೆಗೆ ಅನುಭವವೂ ಅಲ್ಲಿ ಪ್ರಮಾಣ ಎಂದರು. ಅನುಭವಕ್ಕೆ ಸಾಧನೆ ಬೇಕು. ಜಪಕ್ಕೆ ಕೂರದೆ, ಲಿಂಗಪೂಜೆ ಮಾಡದೆ, ಏಕಾದಶಿ ಹಿಡಿಯದೆ ಬರೀ ಗ್ರಂಥದ ಹೆಸರು ಹೇಳುವುದು ಚೀಟಿ ಓದಿ ತೋಟಕ್ಕೆ ಇಳಿಯದಿದ್ದಂತೆ.

ನಮ್ಮದೇ ಜಿಲ್ಲೆಯ ಬೇಲೂರಿನಲ್ಲಿ, ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವನ ಗುಡಿಯ ಶಾಸನವೊಂದರಲ್ಲಿ ಈ ಪ್ರಮಾಣ ಶಬ್ದ ಬಂದಿದೆ. ಶೈವರು ಶಿವನೆಂದೂ ವೇದಾಂತಿಗಳು ಬ್ರಹ್ಮವೆಂದೂ ಬೌದ್ಧರು ಬುದ್ಧನೆಂದೂ ಜೈನರು ಅರ್ಹಂತನೆಂದೂ ಉಪಾಸಿಸುವವನು ಈ ಕೇಶವನೇ ಎಂದು ಸಾರುವ ಶ್ಲೋಕ ಅದು. ಅಲ್ಲಿ ನೈಯಾಯಿಕರಿಗೆ ‘ಪ್ರಮಾಣಪಟು’ಗಳೆಂಬ ಬಿರುದಿದೆ. ಅವರನ್ನೂ ಉಪಾಸಕರ ಸಾಲಿನಲ್ಲೇ ನಿಲ್ಲಿಸಿದ್ದಾರೆ. ಆ ಗುಡಿಯಲ್ಲಿ ಇವತ್ತಿಗೂ ಪೂಜೆ ನಡೆಯುತ್ತಿದೆ.