ಪತ್ರಪ್ರಾಮಾಣ್ಯದ ಇತಿಹಾಸ: ಸೇನಬೋವನಿಂದ ನೋಟರಿಯವರೆಗೆ

ಕೋಲಾರ ತಾಲ್ಲೂಕಿನ ಹುತ್ತೂರು ಹೋಬಳಿಯ ರೈತನು ಮುಖ್ತಾರುನಾಮೆಯನ್ನಾಗಲಿ, ಪ್ರಮಾಣಪತ್ರವನ್ನಾಗಲಿ, ಜಮೀನಿನ ಕರಾರನ್ನಾಗಲಿ ಬರೆಯಿಸಿದ ಮೇಲೆ ನೋಟರಿಯ ಮೊಹರು ಬೀಳುವವರೆಗೆ ಅದು ಪೂರ್ಣವಾಯಿತೆಂದು ಭಾವಿಸುವುದಿಲ್ಲ. ಮೊಹರು ಬಿದ್ದ ಮೇಲೆ ಪತ್ರವು ಎಲ್ಲಕ್ಕೂ ಸಾಕೆಂದು ನಂಬುವವರೂ ಉಂಟು. ಈ ಎರಡನೆಯ ನಂಬಿಕೆಯಿಂದ ಭೂಮಿ ಕಳೆದುಕೊಳ್ಳುವ ಅಪಾಯವಿರುವುದರಿಂದ ಅದರ ಮೂಲವನ್ನು ಅರಿಯುವುದು ಅವಶ್ಯಕ. ಪತ್ರವೊಂದು ನಂಬಿಕೆಗೆ ಅರ್ಹವೆಂದು ನಮ್ಮ ನಾಡಿನಲ್ಲಿ ಯಾರು, ಯಾವ ಬಗೆಯಿಂದ ಹೇಳುತ್ತ ಬಂದರೆಂಬುದನ್ನು ಈ ಲೇಖನದಲ್ಲಿ ಸಂಗ್ರಹವಾಗಿ ಪರಿಶೀಲಿಸುತ್ತೇವೆ.

ಮೊದಲಿಗೆ ಶಾಸ್ತ್ರವನ್ನು ನೋಡೋಣ. ವಿಷ್ಣುಸ್ಮೃತಿಯು ಲೇಖ್ಯವನ್ನು ರಾಜಸಾಕ್ಷಿಕ, ಸಸಾಕ್ಷಿಕ, ಅಸಾಕ್ಷಿಕ ಎಂದು ಮೂರು ವಿಧವಾಗಿ ವಿಂಗಡಿಸುತ್ತದೆ. ರಾಜಾಧಿಕರಣದಲ್ಲಿ ನಿಯುಕ್ತನಾದ ಕಾಯಸ್ಥನು ಬರೆದು, ಅಧ್ಯಕ್ಷನು ತನ್ನ ಕೈಯ ಗುರುತನ್ನು ಹಾಕಿದ್ದು ರಾಜಸಾಕ್ಷಿಕ. ಇಂದಿನ ನೋಟರಿಯ ಕಾರ್ಯಕ್ಕೆ ಪ್ರಾಚೀನರಲ್ಲಿ ಅತಿ ಸಮೀಪವಾದುದು ಇದೇ ಎನ್ನಬಹುದು. ಯಾಜ್ಞವಲ್ಕ್ಯಸ್ಮೃತಿಯು ಇನ್ನೂ ವಿವರವಾಗಿ ವಿಧಿಸುತ್ತದೆ: ಪತ್ರದಲ್ಲಿ ವರ್ಷ, ಮಾಸ, ಪಕ್ಷ, ದಿನಗಳಿರಬೇಕು, ಸಾಲಗಾರನು ತಂದೆಯ ಹೆಸರು ಸಹಿತ ಸ್ವಹಸ್ತದಿಂದ ಒಪ್ಪಿಗೆ ಬರೆಯಬೇಕು, ಸಾಕ್ಷಿಗಳೂ ಅಂತೆಯೇ ಬರೆಯಬೇಕು, ಕೊನೆಯಲ್ಲಿ ಲೇಖಕನು ಉಭಯರ ಕೋರಿಕೆಯಂತೆ ತಾನು ಬರೆದೆನೆಂದು ಹೇಳಬೇಕು. ಈ ಸ್ಮೃತಿಗೆ ಮಿತಾಕ್ಷರಾ ವ್ಯಾಖ್ಯಾನವನ್ನು ರಚಿಸಿದ ವಿಜ್ಞಾನೇಶ್ವರನು ಚಾಲುಕ್ಯ ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿ ಕಲ್ಯಾಣದಲ್ಲಿದ್ದವನು. ಕನ್ನಡ ನಾಡಿನ ವ್ಯವಹಾರಕ್ಕೂ ಈ ವಿಧಿಗಳಿಗೂ ಸಂಬಂಧವಿತ್ತೆನ್ನಲು ಇದು ಒಂದು ಆಧಾರ.

ಆಚರಣೆಯಲ್ಲಿ ಹೇಗಿತ್ತೆಂಬುದಕ್ಕೆ ಶಾಸನಗಳೇ ಪ್ರಮಾಣ. ಕೋಲಾರ ಜಿಲ್ಲೆಯ ಶಾಸನಗಳನ್ನು ಬಿ. ಎಲ್. ರೈಸ್ ಅವರು 1905ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾದ ಹತ್ತನೆಯ ಸಂಪುಟವಾಗಿ ಪ್ರಕಟಿಸಿದರು. ಕುವಳಾಲಪುರವರೇಶ್ವರರೆಂದು ಬಿರುದು ಧರಿಸಿದ್ದ ಗಂಗರ ದಾನಶಾಸನಗಳಲ್ಲಿ ಲೇಖಕನ ಹೆಸರು ಬರುವುದಲ್ಲದೆ, ಶ್ರೀಪುರುಷನ ಕಾಲದವುಗಳಲ್ಲಿ ತೊಂಬತ್ತಾರು ಸಾವಿರ ನಾಡಿನ ಪ್ರಜೆಗಳನ್ನೇ ಸಾಕ್ಷಿಗಳೆಂದು ಹೇಳುವುದೂ ಉಂಟು. ಮುಂದಿನ ಕಾಲದ ಕನ್ನಡ ಶಾಸನಗಳಲ್ಲಿ ಸೇನಬೋವನ ಬರಹ, ಊರ ಗೌಡುಗಳ ಒಪ್ಪ ಎಂಬ ಮಾತುಗಳು ಮತ್ತೆ ಮತ್ತೆ ಕಾಣಬರುತ್ತವೆ. ವಿಜಯನಗರದ ತಾಮ್ರಪಟಗಳು ನಾಗರಿ ಲಿಪಿಯ ಸಂಸ್ಕೃತದಲ್ಲಿದ್ದರೂ ಕೊನೆಯಲ್ಲಿ ಅರಸನ ಅಂಕಿತವಾದ 'ಶ್ರೀ ವಿರೂಪಾಕ್ಷ' ಎಂಬುದು ಕನ್ನಡ ಅಕ್ಷರಗಳಲ್ಲಿರುತ್ತದೆ. ಅದು ಅರಸನ ಮೊಹರಿಗೆ ಸಮಾನ.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಬರೆದ ಸೇನಬೋವನು ಎಲ್ಲೆಕಟ್ಟುಗಳನ್ನೂ ಉಳುವವರನ್ನೂ ಬಲ್ಲವನು. ಒಪ್ಪ ಹಾಕಿದ ಗೌಡನು ಅದೇ ಊರಿನವನು. ಆದ್ದರಿಂದ ಕೊಟ್ಟವನು ಇವನೇ ಎಂಬ ಗುರುತು, ಭೂಮಿ ಇವನದೇ ಎಂಬ ಹಕ್ಕು, ಇವೆರಡೂ ಒಂದೇ ಪತ್ರದಲ್ಲಿ ಒಮ್ಮೆಗೇ ಸ್ಥಿರವಾಗುತ್ತಿದ್ದುವು.

ಹದಿನೇಳನೆಯ ಶತಮಾನದಲ್ಲಿ ಕೋಲಾರ ಪ್ರಾಂತವು ಬಿಜಾಪುರಕ್ಕೂ, ಷಹಜಿಯ ಜಹಗೀರಿಗೂ, ತರುವಾಯ ಸಿರಾದ ಮೊಗಲ್ ಸುಬೇದಾರಿಗೂ ಸೇರಿತು. ಆಗ ಪತ್ರದ ಪರಿಭಾಷೆ ಬದಲಾಯಿತು. ದಸ್ತಾವೇಜು, ಕರಾರು, ರುಜು, ಮೊಹರು, ಷರಾ ಮೊದಲಾದ ಶಬ್ದಗಳು ನೆಲೆಗೊಂಡವು. ಇಂದಿಗೂ ಪತ್ರಗಳಲ್ಲಿ ತಂದೆಯ ಹೆಸರಿನ ಹಿಂದೆ 'ಬಿನ್' ಎಂದೂ, ಬರೆದವನ ರುಜುವಿಗೆ 'ಬಿಕ್ಕಲಂ' ಎಂದೂ ಬರೆಯುವುದುಂಟು. ಶಬ್ದಗಳು ಹೊಸವಾದರೂ ಕ್ರಮವು ಹಳೆಯದೇ. ಸೇನಬೋವನು ಶಾನುಭೋಗನಾಗಿ ಉಳಿದನು. ಆದರೆ ಅಕ್ಷರ ಬಲ್ಲ ಒಂದೇ ಮನೆತನದ ಕೈಯಲ್ಲಿ ಊರಿನ ಲೆಕ್ಕವೆಲ್ಲ ಇದ್ದುದರಿಂದ ಅಕ್ಷರವರಿಯದವನು ಅವನ ದಾಕ್ಷಿಣ್ಯದಲ್ಲಿ ಬಾಳಬೇಕಾಯಿತೆಂಬುದನ್ನೂ ಮರೆಯಲಾಗದು.

ಬ್ರಿಟಿಷರ ಕಾಲದಲ್ಲಿ ಎರಡು ಮಾರ್ಪಾಡುಗಳಾದುವು. 1864ರಲ್ಲಿ ಆರಂಭವಾಗಿ 1908ರ ಕಾಯಿದೆಯಲ್ಲಿ ಸ್ಥಿರಗೊಂಡ ನೋಂದಣಿ ಪದ್ಧತಿ ಮೊದಲನೆಯದು. 1882ರ ಸ್ವತ್ತು ವರ್ಗಾವಣೆ ಕಾಯಿದೆಯಂತೆ ನೂರು ರೂಪಾಯಿಗೂ ಅದಕ್ಕೆ ಮೇಲ್ಪಟ್ಟೂ ಬೆಲೆಯ ಸ್ಥಿರಸ್ವತ್ತಿನ ಕ್ರಯಕ್ಕೆ ನೋಂದಾಯಿತ ಪತ್ರವೇ ಬೇಕಾಯಿತು. ಬೆರಳಿನ ಗುರುತು ಎರಡನೆಯದು. 1858ರಲ್ಲಿ ಬಂಗಾಳದಲ್ಲಿ ವಿಲಿಯಂ ಹರ್ಷೆಲ್ ಎಂಬ ಅಧಿಕಾರಿಯು ಗುತ್ತಿಗೆಯ ಪತ್ರವೊಂದರ ಮೇಲೆ ಗುತ್ತಿಗೆದಾರನ ಅಂಗೈ ಅಚ್ಚನ್ನು ಒತ್ತಿಸಿಕೊಂಡನು. ಕಾಲಕ್ರಮದಲ್ಲಿ ಹೆಬ್ಬೆಟ್ಟಿನ ಗುರುತು ಎಲ್ಲೆಡೆ ರೂಢವಾಯಿತು.

ನೋಟರಿ ಎಂಬ ಅಧಿಕಾರಿ ಬಂದುದು ಬೇರೊಂದು ದಾರಿಯಿಂದ. ರೋಮನ್ ನ್ಯಾಯವನ್ನು ಅನುಸರಿಸುವ ಐರೋಪ್ಯ ದೇಶಗಳಲ್ಲಿ ನೋಟರಿಯು ಪತ್ರವನ್ನು ತಾನೇ ರಚಿಸಿ ಕಾಪಾಡುವವನು. ಇಂಗ್ಲೆಂಡಿನಲ್ಲಿ ಅವನ ಕೆಲಸವು ಬಹುಮಟ್ಟಿಗೆ ಹುಂಡಿಗಳಿಗೂ ಪರದೇಶದ ಪತ್ರಗಳಿಗೂ ಸೀಮಿತವಾಗಿತ್ತು. ಭಾರತಕ್ಕೆ ಬಂದುದು ಇಂಗ್ಲೆಂಡಿನ ಕ್ರಮ. ಸಕಲ ಕಾರ್ಯಗಳ ನೋಟರಿಗಳನ್ನು ಇಂಗ್ಲೆಂಡಿನ 'ಮಾಸ್ಟರ್ ಆಫ್ ಫ್ಯಾಕಲ್ಟೀಸ್' ಎಂಬ ಅಧಿಕಾರಿಯೇ ನೇಮಿಸುತ್ತಿದ್ದನು. ಇಲ್ಲಿನ ಸರ್ಕಾರಕ್ಕಿದ್ದ ಅಧಿಕಾರವು 1881ರ ವರ್ಗಾವಣೀಯ ಲಿಖಿತಗಳ ಕಾಯಿದೆಯ ಉದ್ದೇಶಗಳಿಗಷ್ಟೇ ಸಲ್ಲುತ್ತಿತ್ತು. ಸ್ವತಂತ್ರ ರಾಷ್ಟ್ರಕ್ಕೆ ಇದು ಒಪ್ಪುವಂತಿರಲಿಲ್ಲ. 1952ರ ನೋಟರಿಗಳ ಕಾಯಿದೆಯು 1956ರ ಫೆಬ್ರವರಿ 14ರಂದು ಜಾರಿಗೆ ಬಂದು, ಅನುಭವಿಗಳಾದ ವಕೀಲರನ್ನು ನೇಮಿಸುವ ಅಧಿಕಾರವನ್ನು ಕೇಂದ್ರ ಹಾಗೂ ರಾಜ್ಯ ಸರ್ಕಾರಗಳಿಗೆ ಕೊಟ್ಟಿತು.

ಏಳು ವರ್ಷಗಳಲ್ಲಿ ಇನ್ನೊಂದು ಬದಲಾವಣೆ ಆಯಿತು. 1961ರ ಗ್ರಾಮಾಧಿಕಾರಗಳ ರದ್ದಿಯಾತಿ ಕಾಯಿದೆಯು 1963ರ ಫೆಬ್ರವರಿ 1ರಿಂದ ಜಾರಿಗೆ ಬರಲು, ವಂಶಪಾರಂಪರ್ಯದ ಶಾನುಭೋಗಿಕೆಯೂ ಪಟೇಲಿಕೆಯೂ ಅಂತ್ಯಗೊಂಡವು. ಇದರಿಂದ ಜನರಿಗೆ ಸಮಾನತೆಯ ಲಾಭವಾಯಿತೆಂಬುದರಲ್ಲಿ ಸಂದೇಹವಿಲ್ಲ. ಆದರೆ ಊರಿನೊಳಗೇ ಕೂಡಿಕೊಂಡಿದ್ದ ಕೆಲಸಗಳು ಬೇರೆ ಬೇರೆ ಕಚೇರಿಗಳಿಗೆ ಹಂಚಿಹೋದುವು. ರುಜು ಹಾಕಿದವನು ಯಾರೆಂಬುದನ್ನು ನೋಟರಿಯು ದೃಢೀಕರಿಸಿ ತನ್ನ ರಿಜಿಸ್ಟರಿನಲ್ಲಿ ದಾಖಲಿಸುತ್ತಾನೆ. ಕ್ರಯವನ್ನು ಸಬ್‌ರಿಜಿಸ್ಟ್ರಾರರು ನೋಂದಾಯಿಸುತ್ತಾರೆ. ಪಹಣಿಯನ್ನು ಕಂದಾಯ ಇಲಾಖೆಯವರು ತಿದ್ದುತ್ತಾರೆ.

ನೋಟರಿಯ ಮುಂದೆ ಬರೆದುಕೊಟ್ಟು ಅವನು ದೃಢೀಕರಿಸಿದ ಮುಖ್ತಾರುನಾಮೆಯನ್ನು ನ್ಯಾಯಾಲಯವು ಸರಿಯಾಗಿ ಬರೆದುಕೊಟ್ಟದ್ದೆಂದೇ ಭಾವಿಸತಕ್ಕದ್ದೆಂಬ 1872ರ ಸಾಕ್ಷ್ಯ ಕಾಯಿದೆಯ ನಿಯಮವನ್ನು 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮವೂ ಉಳಿಸಿಕೊಂಡಿದೆ. ಇದು ಆ ಮೊಹರಿನ ಬಲ. ಮಾರುವವನಿಗೆ ಭೂಮಿಯ ಹಕ್ಕುಂಟೇ ಎಂಬುದನ್ನು ಅದು ಹೇಳದು. ಇದು ಅದರ ಮಿತಿ. ಮುಖ್ತಾರುನಾಮೆ ಮತ್ತು ಕ್ರಯದ ಕರಾರುಗಳ ಮೂಲಕ ನಡೆಯುವ 'ಮಾರಾಟ'ವು ಒಡೆತನವನ್ನು ಕೊಡದೆಂದು ಸರ್ವೋಚ್ಚ ನ್ಯಾಯಾಲಯವು 2011ರಲ್ಲಿ ಸೂರಜ್ ಲ್ಯಾಂಪ್ ಮೊಕದ್ದಮೆಯಲ್ಲಿ ಸ್ಪಷ್ಟಪಡಿಸಿತು.

ಹೀಗಿರಲು, ನೋಟರಿಯ ಕೆಂಪು ಮೊಹರನ್ನು ಕ್ರಯಪತ್ರಕ್ಕೆ ಸಮವೆಂದು ನಂಬುವುದನ್ನು ಕೇವಲ ಅಜ್ಞಾನವೆಂದು ತಳ್ಳಿಹಾಕುವುದು ಇತಿಹಾಸದೃಷ್ಟಿಯಿಂದ ಯುಕ್ತವಲ್ಲ. ಸೇನಬೋವನ ಬರಹವೂ ಗೌಡನ ಒಪ್ಪವೂ ಕೂಡಿ ಗುರುತನ್ನೂ ಹಕ್ಕನ್ನೂ ಒಟ್ಟಿಗೆ ಸಾರುತ್ತಿದ್ದ ದೀರ್ಘಕಾಲದ ಅಭ್ಯಾಸವು ಅದರಲ್ಲಿ ಉಳಿದುಬಂದಿದೆಯೆಂದು ನಮಗೆ ತೋರುತ್ತದೆ. ಆದರೆ ಊರನ್ನೆಲ್ಲ ಬಲ್ಲ ಆ ಸಾಕ್ಷಿ ಈಗಿಲ್ಲ. ಮೊಹರು ಹಾಕುವವನು ಕೊಟ್ಟವನನ್ನು ಬಲ್ಲನೇ ಹೊರತು ಹೊಲವನ್ನು ಬಲ್ಲವನಲ್ಲ. ಈ ಭೇದವನ್ನು ಶಾಲೆ ಕಾಲೇಜುಗಳಲ್ಲಿ ತಿಳಿಯಹೇಳಿದರೆ ಕೋಲಾರದ ಎಷ್ಟೋ ಕುಟುಂಬಗಳ ಹೊಲಗಳು ವ್ಯಾಜ್ಯಕ್ಕೆ ಸಿಲುಕದೆ ಉಳಿದಾವು.