ಜಪ್ತಿಗೆ ಸಿಗದವರ ಚರಿತ್ರೆ

1

ಉತ್ತರ ಕನ್ನಡ ಜಿಲ್ಲೆಯ ಸ್ವಾತಂತ್ರ್ಯ ಚಳವಳಿ ಎಂದರೆ ಮೊದಲು ಬಾಯಿಗೆ ಬರುವುದು ಎರಡು ತಾಲೂಕುಗಳ ಹೆಸರು: ಅಂಕೋಲಾ ಮತ್ತು ಸಿದ್ದಾಪುರ. ಅದು ನ್ಯಾಯವಾದದ್ದೇ. 1930ರ ಏಪ್ರಿಲ್‌ನಲ್ಲಿ ಅಂಕೋಲೆಯ ಕಡಲ ದಂಡೆಯಲ್ಲಿ ಉಪ್ಪಿನ ಸತ್ಯಾಗ್ರಹ ನಡೆಯಿತು. ಜಗತ್ತಿನ ಮಾರುಕಟ್ಟೆ ಕುಸಿದು ಅಡಿಕೆ, ಭತ್ತದ ದರ ನೆಲಕ್ಕಿಳಿದ ಕಾಲ ಅದು. ದರ ಇಳಿದರೂ ಕಂದಾಯ ಇಳಿಯಲಿಲ್ಲ. 1931ರಲ್ಲಿ ಶುರುವಾದ ಕರನಿರಾಕರಣೆ ಆ ಮಾರ್ಚ್‌ನ ಗಾಂಧಿ-ಇರ್ವಿನ್ ಒಪ್ಪಂದದಿಂದ ನಿಂತಿತು, 1932ರಲ್ಲಿ ಮತ್ತೆ ಹೊತ್ತಿಕೊಂಡಿತು. ಮುಂಬಯಿ ಸರ್ಕಾರದ ನೌಕರರು ಹಂಡೆ, ಕೊಪ್ಪರಿಗೆ, ದನಕರು ಹೊಡೆದುಕೊಂಡು ಹೋದರು. ಕೊನೆಗೆ ಜಮೀನನ್ನೇ ಜಪ್ತಿ ಮಾಡಿ ಹರಾಜು ಹಾಕಿದರು. ಹರಾಜು ಹಿಡಿದವರ ಬಾಗಿಲಲ್ಲಿ ಹೆಂಗಸರು ಉಪವಾಸ ಕೂತರು. ಸಿದ್ದಾಪುರ ತಾಲೂಕಿನ ಮಾವಿನಗುಂಡಿ ಪುಸ್ತಕ ಸೇರಿದ್ದು ಆ ಹೆಂಗಸರಿಂದಲೇ. ಈ ಎರಡು ತಾಲೂಕುಗಳಲ್ಲಿ ಸುಮಾರು 800 ಕುಟುಂಬಗಳು ಕಷ್ಟಕ್ಕೆ ಸಿಕ್ಕವು ಎಂಬುದು ಚರಿತ್ರೆಯ ಪುಸ್ತಕಗಳು ಕೊಡುವ ಲೆಕ್ಕ. 1937ರಲ್ಲಿ ಅಧಿಕಾರಕ್ಕೆ ಬಂದ ಬಿ.ಜಿ. ಖೇರರ ಕಾಂಗ್ರೆಸ್ ಸರ್ಕಾರ ಕಾನೂನು ಮಾಡಿ ಆ ಜಮೀನುಗಳನ್ನು ಹಿಂದಕ್ಕೆ ಕೊಡಿಸಿತು.

ಈ ಕಥೆಗೆ ಒಂದು ಆದಿ ಇದೆ, ಮಧ್ಯ ಇದೆ, ಅಂತ್ಯವೂ ಇದೆ. ಇದನ್ನು ಸುಳ್ಳೆನ್ನುವ ಉದ್ದೇಶ ನನಗಿಲ್ಲ. ಉಣ್ಣುವ ಅನ್ನದ ಹೊಲವನ್ನು ಸರ್ಕಾರಕ್ಕೆ ಬಿಟ್ಟುಕೊಟ್ಟು ಕೂತವರ ಗಟ್ಟಿತನ ಸಣ್ಣದಲ್ಲ. ಆದರೆ ಈ ಕಥೆಯೊಳಗೆ ಒಂದು ಅಳತೆಗೋಲು ಅಡಗಿದೆ, ಅದನ್ನು ಗಮನಿಸಬೇಕು. ತ್ಯಾಗ ಎಷ್ಟು ಎಂಬುದನ್ನು ಜಪ್ತಿಯಾದದ್ದು ಎಷ್ಟು ಎಂಬುದರಿಂದ ಅಳೆಯಲಾಗಿದೆ. ಹಾಗಾದರೆ ಜಪ್ತಿ ಮಾಡಲು ಏನೂ ಇಲ್ಲದವನ ಪಾಲು ಯಾವ ಪುಟದಲ್ಲಿ ಬರುತ್ತದೆ? ಈ ಪ್ರಶ್ನೆ ನನಗೆ ಎಂ.ಎ. ತರಗತಿಯಲ್ಲಿ ಹುಟ್ಟಿದ್ದಲ್ಲ. ನನ್ನ ಅಜ್ಜನಿಂದ ಬಂದದ್ದು. 2019ರಲ್ಲಿ ಅವನು ತೀರಿಕೊಂಡಾಗ ಅವನಿಗೆ 95ರ ಆಸುಪಾಸು. ನಮ್ಮ ಕೇರಿಯ ಮಟ್ಟಿಗೆ ಅವನು ಸ್ವಾತಂತ್ರ್ಯ ಹೋರಾಟಗಾರ. ಸರ್ಕಾರದ ಮಟ್ಟಿಗೆ ಏನೂ ಅಲ್ಲ.

2

ಅಜ್ಜನ ಅಪ್ಪ ಸಿದ್ದಾಪುರ ತಾಲೂಕಿನ ಒಂದು ಅಡಿಕೆ ತೋಟದ ಮನೆಯ ಆಳು. ಆ ತೋಟದ ವ್ಯವಸ್ಥೆಯನ್ನು ಒಂದಿಷ್ಟು ಹೇಳದೆ ಮುಂದಿನದು ತಿಳಿಯುವುದಿಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರದ ತೋಟಗಾರರಿಗೆ ಒಂದು ಎಕರೆ ತೋಟಕ್ಕೆ 9 ಎಕರೆಯವರೆಗೆ ಸೊಪ್ಪಿನ ಬೆಟ್ಟವನ್ನು ಬ್ರಿಟಿಷ್ ಸರ್ಕಾರ ಬಿಟ್ಟಿತ್ತು. ಬೆಟ್ಟದ ಹಕ್ಕು ತೋಟದ ಬೆನ್ನಿಗೆ ಬರುವ ಹಕ್ಕು. ತೋಟ ಇಲ್ಲದವನಿಗೆ ಬೆಟ್ಟವೂ ಇಲ್ಲ. ಮರ ಹತ್ತಿ ಸೊಪ್ಪು ಸವರಿದವರು, ಹೊರೆ ಹೊತ್ತವರು, ದರಕು ಬಳಿದು ಕೊಟ್ಟಿಗೆಗೆ ಹಾಕಿದವರು ನಮ್ಮವರು. ಕಂದಾಯದ ಪುಸ್ತಕದಲ್ಲಿ ಒಡೆಯನ ಹೆಸರಿತ್ತು, ಅವನ ಕೆಳಗೆ ಮೂಲಗೇಣಿ, ಚಾಲಗೇಣಿಯವರ ಹೆಸರೂ ಬರಬಹುದಿತ್ತು. ಆಳಿನ ಹೆಸರು ಬರುವ ಜಾಗ ಅದರಲ್ಲಿ ಇರಲಿಲ್ಲ. ಕಂದಾಯ ಕಟ್ಟದವನು ಕರವನ್ನು ನಿರಾಕರಿಸುವುದಾದರೂ ಹೇಗೆ?

1932ರಲ್ಲಿ ಅಜ್ಜನಿಗೆ ಎಂಟು ವರ್ಷ ಇರಬೇಕು, ದನ ಕಾಯುತ್ತಿದ್ದ. ಜಪ್ತಿಯವರು ಬರುವುದು ಗುಡ್ಡದ ಮೇಲಿಂದ ಮೊದಲು ಕಾಣುವುದು ದನ ಕಾಯುವ ಹುಡುಗರಿಗೆ. ಕೂಗು ಹಾಕಬೇಕು, ಅದು ಅವರಿಗೆ ಒಪ್ಪಿಸಿದ ಕೆಲಸ. ಕೂಗು ಕೇಳಿದ್ದೇ ಒಡೆಯರ ಮನೆಯ ತಾಮ್ರದ ಪಾತ್ರೆಗಳು ಹಿತ್ತಿಲ ಬಾಗಿಲಿನಿಂದ ಹೊರಬಿದ್ದು ನಮ್ಮ ಗುಡಿಸಲ ಹಿಂದಿನ ದರಕಿನ ರಾಶಿಯೊಳಗೆ ಹೋಗುತ್ತಿದ್ದವಂತೆ. ಕೇರಿಯೊಳಗೆ ಒಳ್ಳೆಯ ಪಾತ್ರೆ ಇರಬಹುದೆಂದು ಯಾವ ಪೊಲೀಸನಿಗೂ ಹೊಳೆಯುತ್ತಿರಲಿಲ್ಲ. ಅಜ್ಜ ಇದನ್ನು ಹೇಳುವಾಗ ಮುಖದಲ್ಲಿ ನಗೆ ಇರುತ್ತಿತ್ತು. "ನಾವು ಮುಟ್ಟೂ ಹಾಂಗೆ ಇರ್ಲಿಲ್ಲ ತಮಾ, ಆದ್ರೆ ಕಾಯೂಕೆ ನಾವೇ ಬೇಕಿತ್ತು. ವಾಪಸ್ ತಗೊಂಡು ಹೋಗಿ ಹುಣಸೇಹಣ್ಣು ಹಾಕಿ ತಿಕ್ಕಿ, ನೀರು ಹೊಯ್ದೇ ಒಳಗೆ ಇಟ್ಕಂಡ್ರು."

ಜಮೀನು ಜಪ್ತಿಯಾದ ಮೇಲೆ ತೋಟದ ಕೆಲಸ ನಿಂತಿತು. ಕೆಲಸ ನಿಂತ ಮೇಲೆ ಕೂಲಿ ಭತ್ತವೂ ನಿಂತಿತು. ಆ ಮಳೆಗಾಲ ಕಾಡುಗೆಣಸು, ಕೆಸುವಿನ ಗೆಡ್ಡೆ ಬೇಯಿಸಿ ತಿಂದು ದಿನ ದೂಡಿದರಂತೆ. ಅಜ್ಜನ ಒಬ್ಬ ತಂಗಿ ಆ ವರ್ಷವೇ ಹೋದಳು. ಅವಳ ಸಾವು ಚಳವಳಿಯ ಲೆಕ್ಕಕ್ಕೆ ಸೇರುತ್ತದೋ, ಬಡತನದ ಲೆಕ್ಕಕ್ಕೆ ಸೇರುತ್ತದೋ ಹೇಳುವ ಶಾಸ್ತ್ರ ನಮ್ಮಲ್ಲಿಲ್ಲ. ಖೇರರ ಸರ್ಕಾರ ಜಮೀನು ಹಿಂದಕ್ಕೆ ಕೊಟ್ಟಿತು. ಹೋದ ಕೂಲಿಯನ್ನು ಹಿಂದಕ್ಕೆ ಕೊಡುವ ಕಾನೂನು ಯಾವ ಸರ್ಕಾರಕ್ಕೂ ಹೊಳೆಯಲಿಲ್ಲ.

3

ಅದೇ 1932ರ ಸೆಪ್ಟೆಂಬರ್‌ನಲ್ಲಿ ಪುಣೆಯ ಯರವಡಾ ಜೈಲಿನಲ್ಲಿ ಗಾಂಧೀಜಿ ಉಪವಾಸ ಕೂತಿದ್ದರು. ಅಸ್ಪೃಶ್ಯರಿಗೆ ಸಿಕ್ಕ ಪ್ರತ್ಯೇಕ ಮತಕ್ಷೇತ್ರ ಬೇಡ ಎಂಬುದು ಆ ಉಪವಾಸದ ಒತ್ತಾಯ. 24ನೇ ತಾರೀಖು ಪುಣೆ ಒಪ್ಪಂದವಾಯಿತು, ಅಂಬೇಡ್ಕರ್ ಸಹಿ ಹಾಕಬೇಕಾಯಿತು. ಜಿಲ್ಲೆಯ ಚರಿತ್ರೆ ಬರೆದವರು ಜಪ್ತಿಯನ್ನು ಒಂದು ಅಧ್ಯಾಯದಲ್ಲೂ ಪುಣೆ ಒಪ್ಪಂದವನ್ನು ಬೇರೆ ಪುಸ್ತಕದಲ್ಲೂ ಇಡುತ್ತಾರೆ. ನಮ್ಮ ಕೇರಿಗೆ ಇವೆರಡೂ ಒಂದೇ ಮಳೆಗಾಲದಲ್ಲಿ ನಡೆದವು. ವ್ಯತ್ಯಾಸ ಇಷ್ಟೇ: ಜಪ್ತಿಯ ಸುದ್ದಿ ಅಂದೇ ಬಂತು, ಅಂಬೇಡ್ಕರ್ ಎಂಬ ಹೆಸರು ಬರಲು ಇನ್ನೂ ಐವತ್ತು ವರ್ಷ ಹಿಡಿಯಿತು. ಅವರು 1925ರಲ್ಲೇ ನಿಪ್ಪಾಣಿಯ ಸಮ್ಮೇಳನಕ್ಕೆ ಬಂದಿದ್ದರು. ನಿಪ್ಪಾಣಿಯೂ ಸಿದ್ದಾಪುರವೂ ಆಗ ಒಂದೇ ಮುಂಬಯಿ ಪ್ರಾಂತ್ಯ. ಆದರೂ ಆ ಮಾತು ಘಟ್ಟದ ಕಾಡು ದಾಟಿ ನಮ್ಮ ಕೇರಿಗೆ ಬರಲಿಲ್ಲ. ಅಜ್ಜ ಆ ಹೆಸರನ್ನು ಗಟ್ಟಿಯಾಗಿ ಕೇಳಿದ್ದು 1986ರಲ್ಲಿ. ಪಕ್ಕದ ಸೊರಬ ತಾಲೂಕಿನ ಚಂದ್ರಗುತ್ತಿಯಲ್ಲಿ ಬೆತ್ತಲೆ ಸೇವೆಯನ್ನು ತಡೆಯಲು ಹೋದ ದಲಿತ ಸಂಘರ್ಷ ಸಮಿತಿಯವರ ಮೇಲೆ ಹಲ್ಲೆಯಾದ ಸುದ್ದಿ ಊರೂರಿಗೆ ಹಬ್ಬಿದಾಗ.

ಗಾಂಧೀಜಿ ಮಾತ್ರ ತಾವೇ ಬಂದರು. 1934ರ ಹರಿಜನ ಪ್ರವಾಸದಲ್ಲಿ ಸಿದ್ದಾಪುರ, ಶಿರಸಿಗಳನ್ನು ಹಾದು ಹೋದರು. ಶಿರಸಿಯ ಮಾರಿಕಾಂಬೆಯ ಜಾತ್ರೆಯಲ್ಲಿ ಕೋಣನ ಬಲಿ ನಿಂತಿತೆಂದು ಹೇಳುವುದು ಆ ಭೇಟಿಗೆ ಜೋಡಿಸಿಯೇ. ಮಾರಿಯ ಕಥೆ ನಮ್ಮ ಕಡೆ ಎಲ್ಲರಿಗೂ ಗೊತ್ತು. ಜಾತಿ ಮುಚ್ಚಿಟ್ಟು ಬ್ರಾಹ್ಮಣರ ಹುಡುಗಿಯನ್ನು ಮದುವೆಯಾದ ಹೊಲೆಯನೇ ಕೋಣನಾಗಿ ಹುಟ್ಟಿ ಅವಳೆದುರು ಬಲಿಯಾಗುತ್ತಾನೆ. ಅಜ್ಜನ ಮಾತು ಒಂದೇ: "ಕಡಿಯೂದು ನಿಲ್ಸಿದ್ರು, ಚೊಲೊ ಆಯ್ತು. ಆ ಕಥೆ ಹೇಳೂದು ಯಾವಾಗ ನಿಲ್ಸ್ತಾರೆ?" ಸುಧಾರಣೆಯ ಚರಿತ್ರೆಗೂ ದಲಿತ ವಿಮರ್ಶೆಗೂ ಇರುವ ಅಂತರವನ್ನು ನಾನು ಇದಕ್ಕಿಂತ ಚುಟುಕಾಗಿ ಹೇಳಲಾರೆ.

4

1942ರ ಹೊತ್ತಿಗೆ ಅಜ್ಜನಿಗೆ ಹದಿನೆಂಟು. ಭೂಗತರಾದ ಕಾರ್ಯಕರ್ತರು ಕಾಡು ಸೇರಿದ್ದರು. ಕಾಡಿನ ಒಳದಾರಿ ಗೊತ್ತಿದ್ದದ್ದು ಸೊಪ್ಪು ಹೊತ್ತವರಿಗೆ. ಅಜ್ಜ ಚೀಟಿ ಒಯ್ಯುತ್ತಿದ್ದ, ಅಕ್ಕಿ ಒಯ್ಯುತ್ತಿದ್ದ. ಅಕ್ಕಿ ಒಯ್ಯಬಹುದು, ಬೇಯಿಸಿ ಕೊಡುವ ಹಾಗಿಲ್ಲ. ಒಂದು ದಿನ ಅಕ್ಕಿಯ ಗಂಟಿನ ಸಮೇತ ಸಿಕ್ಕಿಬಿದ್ದ. ಕೋರ್ಟು, ಶಿಕ್ಷೆ ಎಂದೆಲ್ಲ ಆದದ್ದು ಅವನಿಗೆ ನೆನಪಿರಲಿಲ್ಲ. ಒಳಗೆ ಹಾಕಿದರು, ಒಂದು ದಿನ ಬಿಟ್ಟರು, ಅಷ್ಟೆ. ಒಳಗಿನದರಲ್ಲಿ ಅವನು ಮತ್ತೆ ಮತ್ತೆ ಹೇಳುತ್ತಿದ್ದದ್ದು ಊಟದ ಸಾಲನ್ನು. "ಜೈಲಲ್ಲಿ ಎಲ್ರೂ ಒಂದೇ ಸಾಲಲ್ಲಿ ಕೂತು ಉಂಡ್ವಿ. ಹೊರಗೆ ಬಂದ್ಮೇಲೆ ಸಾಲು ಮತ್ತೆ ಬೇರೆ ಆಯ್ತು." ಈ ಮಾತಿನಲ್ಲಿ ಸಿಟ್ಟು ಇರಲಿಲ್ಲ. ಸ್ವಾತಂತ್ರ್ಯವನ್ನು ಅವನು ಕಂಡದ್ದು ಆ ಕೆಲವು ದಿನ ಮಾತ್ರ, ಅದೂ ಬೀಗ ಹಾಕಿದ ಬಾಗಿಲೊಳಗೆ. ಅಷ್ಟನ್ನು ಅವನು ಪ್ರೀತಿಯಿಂದ ಇಟ್ಟುಕೊಂಡಿದ್ದ. ಪ್ರತಿ ಆಗಸ್ಟ್ 15ಕ್ಕೆ ತೊಳೆದ ಅಂಗಿ ಹಾಕಿಕೊಂಡು ಶಾಲೆಯ ಬಾವುಟದ ಹತ್ತಿರ ಹೋಗಿ ನಿಲ್ಲುತ್ತಿದ್ದ. ಯಾರೂ ಕುರ್ಚಿ ಕೊಡುತ್ತಿರಲಿಲ್ಲ, ಅವನೂ ಕೇಳುತ್ತಿರಲಿಲ್ಲ.

5

ಸ್ವಾತಂತ್ರ್ಯದ ಬೆಳ್ಳಿಹಬ್ಬದ ವರ್ಷ, 1972ರಲ್ಲಿ, ಕೇಂದ್ರ ಸರ್ಕಾರ ಹೋರಾಟಗಾರರಿಗೆ ಪಿಂಚಣಿ ತಂದಿತು. ಕನಿಷ್ಠ ಆರು ತಿಂಗಳು ಜೈಲಿನಲ್ಲಿ ಇದ್ದಿರಬೇಕು. 1980ರಲ್ಲಿ ಅದು ಸ್ವತಂತ್ರತಾ ಸೈನಿಕ ಸಮ್ಮಾನ್ ಯೋಜನೆಯಾದಾಗ ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆ ಅವಧಿಯನ್ನು ಮೂರು ತಿಂಗಳಿಗೆ ಇಳಿಸಿದರು. ಈ ರಿಯಾಯಿತಿ ಮೇಲುನೋಟಕ್ಕೆ ಕಾಣುವಷ್ಟು ಸಣ್ಣದಲ್ಲ. ಇವರ ಜೈಲುವಾಸ ದಾಖಲೆಯಲ್ಲಿ ಚಿಕ್ಕದಾಗಿಯೇ ಇರುತ್ತದೆ ಎಂದು ಸರ್ಕಾರವೇ ಒಪ್ಪಿಕೊಂಡ ಹಾಗಾಯಿತು.

ಮೇಷ್ಟರೊಬ್ಬರು ಅಜ್ಜನಿಗೆ ಅರ್ಜಿ ಬರೆದುಕೊಟ್ಟರು. ಎಂದು ಒಳಗೆ ಹೋದೆ, ಎಂದು ಹೊರಗೆ ಬಂದೆ ಎಂಬಲ್ಲಿ ತಾರೀಖು ಬೇಕು. ಅಜ್ಜ ಹೇಳಿದ್ದು: "ದೀಪಾವಳಿ ಅಮಾಸೆ ಒಳಗೇ ಆಯ್ತು, ಎಳ್ಳಮಾಸೆನೂ ಒಳಗೇ ಆಯ್ತು. ಮೂರು ಅಮಾಸೆ." ಕಚೇರಿಯಲ್ಲಿ ಕೂತಿದ್ದವನು ನಕ್ಕನಂತೆ. ಅಮಾವಾಸ್ಯೆಗೆ ಪಿಂಚಣಿ ಕೊಡುವ ಕಾನೂನು ಇಲ್ಲ ಎಂದನಂತೆ. ಜೈಲಿನ ದಾಖಲೆ ಸಿಗದಿದ್ದರೆ ಜೊತೆಗಿದ್ದ ಕೈದಿಗಳ ಪ್ರಮಾಣಪತ್ರ ತರಬಹುದಿತ್ತು. ಅದಕ್ಕೆ ಆ ಕೈದಿಯ ಜೈಲುವಾಸ ಮೊದಲು ಸಾಬೀತಾಗಿರಬೇಕು. ಸಾಬೀತಾದವರು ಯಾರು? ಜಮೀನಿದ್ದವರು, ಓದು ಬಂದವರು, ತಾರೀಖು ಬರೆದಿಟ್ಟವರು. ಹಾಗಾಗಿ ಹೊಲೆಯನೊಬ್ಬ ಹೋರಾಟಗಾರ ಹೌದೋ ಅಲ್ಲವೋ ಎಂಬುದು ಒಡೆಯನ ಸಹಿಯ ಮೇಲೆ ನಿಂತಿತು.

ಅಜ್ಜ ಅಂಥ ಒಬ್ಬರ ಮನೆಗೆ ಹೋದ. ಅವರು ಒಳ್ಳೆಯವರೇ, ಕೇಳಿದ್ದರೆ ಬರೆದುಕೊಡುತ್ತಿದ್ದರೇನೋ. ಅಂಗಳದಲ್ಲಿ ನಿಂತ. ಚಾ ಬಂತು, ಗರಟೆಯಲ್ಲಿ. ಒಂದೇ ಸಾಲಿನಲ್ಲಿ ಉಂಡವರು ಜಗಲಿಯ ಮೇಲೆ, ಇವನು ಅಂಗಳದಲ್ಲಿ. ಚಾ ಕುಡಿದು, ಗರಟೆ ತೊಳೆದಿಟ್ಟು, ಆರೋಗ್ಯ ವಿಚಾರಿಸಿ ಬಂದುಬಿಟ್ಟ. ಬಂದ ಕೆಲಸ ಹೇಳಲೇ ಇಲ್ಲ. ಅಜ್ಜಿ ಬೈದಳು. ಯಾಕೆ ಕೇಳಲಿಲ್ಲ ಎಂದು ದೊಡ್ಡವನಾದ ಮೇಲೆ ನಾನೂ ಕೇಳಿದೆ. "ಅವ್ರು ಬರ್ಕೊಟ್ರೆ ನಾ ಜೈಲಿಗೆ ಹೋದದ್ದು ಅವ್ರ ಉಪಕಾರ ಆಗ್ತಿತ್ತು" ಅಂದ.

ಮೊನ್ನೆ ಹಳೆಯ ಪಂಚಾಂಗ ನೋಡಿದೆ. 1942ರ ದೀಪಾವಳಿ ಅಮಾವಾಸ್ಯೆ ನವೆಂಬರ್ 8ರ ಸುಮಾರಿಗೆ, ಎಳ್ಳಮಾವಾಸ್ಯೆ 1943ರ ಜನವರಿ 6ರ ಸುಮಾರಿಗೆ. ಅಜ್ಜನ ಮಾತಿನ ಪ್ರಕಾರ ಅವನು ಕನಿಷ್ಠ 60 ದಿನ ಒಳಗಿದ್ದ, ಹೆಚ್ಚೆಂದರೆ ನಾಲ್ಕು ತಿಂಗಳಿಗೆ ಸ್ವಲ್ಪ ಕಡಿಮೆ. ಮೂರು ತಿಂಗಳ ಗೆರೆ ಇದರ ನಡುವೆ ಎಲ್ಲೋ ಇದೆ. ಆದರೆ ಅವನು ಹೇಳಿದ್ದು ಅಳತೆಗೆ ಸಿಗದ ಮಾತಲ್ಲ. ಅದನ್ನು ಅಳೆಯುವ ಮನಸ್ಸು ಕಚೇರಿಗೆ ಇರಲಿಲ್ಲ.

6

ಪುರಾವೆಯ ಈ ಆಟ ಪಿಂಚಣಿಗೆ ಮುಗಿಯಲಿಲ್ಲ. 1974ರ ಮಾರ್ಚ್ 1ರಿಂದ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದು ನಮ್ಮ ತಾಲೂಕುಗಳಲ್ಲಿ ಎಷ್ಟೋ ಗೇಣಿದಾರರು ಭೂಮಿ ಕಂಡರು. ಅದು ದೊಡ್ಡ ಬದಲಾವಣೆ, ಅಲ್ಲಗಳೆಯಲಾರೆ. ಆದರೆ ಆಳಿನ ಹತ್ತಿರ ಗೇಣಿಚೀಟಿ ಇರುವುದಿಲ್ಲ. ಕೂಲಿಗಾರ ವಾಸವಿರುವ ಮನೆಯ ಹಕ್ಕಿಗೆ ಕಾನೂನಿನಲ್ಲಿ ಒಂದು ಕಲಮು ಇತ್ತು, ನಮ್ಮ ಕೇರಿಯಲ್ಲಿ ಅದನ್ನು ಓದಿ ಹೇಳುವವರು ಇರಲಿಲ್ಲ. ಅಜ್ಜ ಯಲ್ಲಾಪುರದ ಕಡೆ ಕೂಪಿನ ಕೆಲಸಕ್ಕೆ ಹೋದ. ಅಲ್ಲೇ ಕಾಡಂಚಿನಲ್ಲಿ ಅತ್ತೆಯ ಮನೆಯವರು ಒಂದು ತುಂಡು ಗದ್ದೆ ಮಾಡಿಕೊಂಡರು.

2006ರ ಅರಣ್ಯ ಹಕ್ಕು ಕಾಯಿದೆ ಬಂದಾಗ ಬುಡಕಟ್ಟಿನವರು 2005ರ ಡಿಸೆಂಬರ್ 13ಕ್ಕೆ ಮುಂಚಿನ ಸ್ವಾಧೀನ ತೋರಿಸಿದರೆ ಸಾಕಿತ್ತು. 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದ ಯಲ್ಲಾಪುರದ ಸಿದ್ದಿಗಳಿಗೆ ಈ ದಾರಿ ತೆರೆಯಿತು, ಅದು ಅವರಿಗೆ ಸಲ್ಲಬೇಕಾದದ್ದೇ. ಅವರ ಪಕ್ಕದ ಮನೆಯ ದಲಿತ ಮಾತ್ರ 'ಇತರೆ' ಆದ. ಮೂರು ತಲೆಮಾರು, ಅಂದರೆ 75 ವರ್ಷ, ಕಾಡಿನಲ್ಲಿ ನೆಲೆಸಿದ್ದಕ್ಕೆ ಅವನು ಪುರಾವೆ ಕೊಡಬೇಕು. ಲೆಕ್ಕ ಹಾಕಿ ನೋಡಿ: ಅದು 1930ರ ಡಿಸೆಂಬರ್‌ಗೆ ಹೋಗಿ ನಿಲ್ಲುತ್ತದೆ. ಜಿಲ್ಲೆಯ ಒಡೆಯರು ಚರಿತ್ರೆಯೊಳಗೆ ಕಾಲಿಟ್ಟ ಅದೇ ಹೊತ್ತಿಗೆ ಆಳುಗಳು ಅಲ್ಲೇ ಇದ್ದರು ಎಂಬುದಕ್ಕೆ ಕಾಗದ ಬೇಕಂತೆ.

ಆ ಕಾಯಿದೆಯ ನಿಯಮಗಳಲ್ಲಿ ಒಂದು ಒಳ್ಳೆಯ ಮಾತಿದೆ. ಅರ್ಜಿದಾರರಲ್ಲದ ಊರ ಹಿರಿಯರ ಹೇಳಿಕೆಯನ್ನು ಬರೆಸಿಕೊಂಡರೆ ಅದೂ ಪುರಾವೆ. ಅಜ್ಜ ತೊಂಬತ್ತು ದಾಟಿದ ಮೇಲೆ ಇನ್ನೊಬ್ಬರ ಅರ್ಜಿಗಾಗಿ ಅರಣ್ಯ ಹಕ್ಕು ಸಮಿತಿಯ ಮುಂದೆ ಕೂತು ಹೇಳಿದ: ಯಾವ ಗುಡಿಸಲು ಎಲ್ಲಿತ್ತು, ಯಾವ ಮಾವಿನ ಮರ ಯಾರ ಅಪ್ಪ ನೆಟ್ಟದ್ದು, ಜಪ್ತಿಯ ವರ್ಷ ಯಾರ್ಯಾರು ಇದ್ದರು. ಅವನ ಆಯುಷ್ಯದಲ್ಲಿ ಸರ್ಕಾರ ಅವನ ನೆನಪನ್ನು ಕಾಗದಕ್ಕೆ ಇಳಿಸಿದ್ದು ಅದೊಂದೇ ಸಲ. ಕೊನೆಗೆ ಹೆಬ್ಬೆಟ್ಟು ಒತ್ತಿದ. ಜಿಲ್ಲೆಯ ಬಹುಪಾಲು ಅರ್ಜಿಗಳ ಹಾಗೆ ಅದೂ ತಿರಸ್ಕೃತವಾಯಿತು. ಆದರೆ ಆ ಹೇಳಿಕೆ ಇದೆ.

7

ದಲಿತ ವಿಮರ್ಶೆಯೆಂದರೆ ಕಥೆ-ಕಾದಂಬರಿಗಳಲ್ಲಿ ದಲಿತ ಪಾತ್ರ ಹೇಗೆ ಬಂತು ಎಂದು ಹುಡುಕುವುದಷ್ಟೇ ಆದರೆ ಸಾಲದು. ಕಂದಾಯದ ಪುಸ್ತಕ, ಜಪ್ತಿಯ ಪಟ್ಟಿ, ಪಿಂಚಣಿಯ ಅರ್ಜಿ ಇವೂ ಕೃತಿಗಳೇ, ಇವುಗಳಿಗೂ ಒಬ್ಬ ನಾಯಕನಿರುತ್ತಾನೆ. ಅರ್ಜಿಯ ಖಾಲಿ ಜಾಗದಲ್ಲಿ ಯಾರ ಬದುಕು ಹಿಡಿಸುತ್ತದೆ, ಯಾರದ್ದು ಹಿಡಿಸುವುದಿಲ್ಲ ಎಂದು ಕೇಳುವುದು ವಿಮರ್ಶೆಯ ಕೆಲಸ. ಇದರಿಂದ ಮಾವಿನಗುಂಡಿಯ ಹೆಂಗಸರು ಸಣ್ಣವರಾಗುವುದಿಲ್ಲ. ಅವರ ಮನೆಯ ಪಾತ್ರೆಗಳನ್ನು ಯಾರಾದರೂ ದರಕಿನೊಳಗೆ ಕಾದಿದ್ದರೆ, ಅವರೂ ಅದೇ ಹೋರಾಟದವರು ಎಂದಷ್ಟೇ ಆಗುತ್ತದೆ.

ನಮ್ಮ ಮೂರು ತಾಲೂಕುಗಳ ಕಾಲೇಜುಗಳಲ್ಲಿ ಚರಿತ್ರೆ ಓದುವ ಹುಡುಗ ಹುಡುಗಿಯರಲ್ಲಿ ಕೇರಿಯವರೂ ಇದ್ದಾರೆ. ಅವರ ಮನೆಗಳಲ್ಲಿ ತೊಂಬತ್ತರ ಹತ್ತಿರದ ಅಜ್ಜಿಯರು ಇನ್ನೂ ಕೆಲವರಿದ್ದಾರೆ. ಗಂಡಸರಿಗಿಂತ ಅವರ ನೆನಪು ಚೊಕ್ಕ. ಅವರನ್ನು ಕೇಳಿ ಬರೆದುಕೊಳ್ಳಿ ಎಂದು ನಾನು ತರಗತಿಯಲ್ಲಿ ಹೇಳುತ್ತಿರುತ್ತೇನೆ. ತಾರೀಖು ಕೇಳಿ ಅವರ ಬಾಯಿ ಕಟ್ಟಬೇಡಿ. ಎಳ್ಳಮಾಸೆ ಅಂದರೆ ಎಳ್ಳಮಾಸೆ ಎಂದೇ ಬರೆಯಿರಿ. ಪಂಚಾಂಗ ತೆಗೆದು ತಾರೀಖು ಹುಡುಕುವುದು ಓದಿದ ನಮ್ಮ ಕೆಲಸ.